ನೆಲದ ಮೇಲೆ ಕೂತು ಉಂಡರೆ ಜಪಾನ್ ಆಗಲ್ಲ

ಆನ್‌ಸೈಟಿಗೆ ಅಂತ ಜಪಾನಿಗೆ ಹೋಗಿ ಬಂದವರು ಮೂರು ಫೋಟೋ ತೋರಿಸ್ತಾರೆ. ಒಂದು ಫುಜಿ ಬೆಟ್ಟದ್ದು, ಇನ್ನೊಂದು ಬುಲೆಟ್ ಟ್ರೈನಿಂದು. ಮೂರನೆಯದರಲ್ಲಿ ಯುಕಾತಾ ಅನ್ನೋ ಹತ್ತಿ ನಿಲುವಂಗಿ ಸುತ್ತಿಕೊಂಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರ್ತಾರೆ. ಮುಂದೆ ಹತ್ತು ಹನ್ನೆರಡು ಪುಟ್ಟ ಬಟ್ಟಲು. ನನ್ನ ಹತ್ರಾನೂ ಆ ಫೋಟೋ ಇದೆ. ಮೈಸೂರಿಗೆ ವಾಪಸ್ ಬಂದ ಮೇಲೆ ಆಫೀಸಿನ ಕ್ಯಾಂಟೀನಿನಲ್ಲಿ ಅದನ್ನ ತೋರಿಸಿದಾಗ ಟೇಬಲ್ಲು ಎರಡು ಪಕ್ಷವಾಯ್ತು. ಒಂದು ಪಕ್ಷ, "ಏನ್ ಶಿಸ್ತು ಗುರು, ನಮ್ಮವರಿಗೆ ಸಾಯೋವರೆಗೂ ಬರಲ್ಲ" ಅಂತು. ಇನ್ನೊಂದು ಪಕ್ಷ, "ಚಪ್ಪಲಿ ಹೊರಗೆ ಬಿಡೋದು, ನೆಲದ ಮೇಲೆ ಕೂರೋದು, ಚಾಪೆ ಮೇಲೆ ಮಲಗೋದು, ಎಲ್ಲ ನಮ್ಮದೇ. ನಾವು ಬಿಟ್ವಿ, ಅವರು ಉಳಿಸ್ಕೊಂಡ್ರು" ಅಂತು.

ಎರಡೂ ಅರ್ಧ ಸತ್ಯ. ಅದರಲ್ಲೂ ಎರಡನೇ ಮಾತು ಜಾಸ್ತಿ ಅಪಾಯದ್ದು, ಯಾಕಂದ್ರೆ ಕೇಳೋಕೆ ಹಿತವಾಗಿರುತ್ತೆ. ನೆಲ ನಮ್ಮಲ್ಲಿತ್ತು, ಚಾಪೆ ಇತ್ತು, ಎಲೆ ಇತ್ತು. ಆದರೆ ಇಲ್ಲದೇ ಇದ್ದಿದ್ದು ಒಂದಿತ್ತು. ಅದು ನನಗೆ ಹೊಳೆದಿದ್ದು ಊರಲ್ಲಲ್ಲ, ಹಕೋನೆಯಲ್ಲಿ. ಅದೂ ಒಬ್ಬ ನೇಪಾಳದ ಹುಡುಗಿ ಹೇಳಿದ ಒಂದು ವಾಕ್ಯದಿಂದ.

2024ರ ನವೆಂಬರ್. ಟೋಕಿಯೋದಲ್ಲಿ ಕ್ಲೈಂಟ್ ಕೆಲಸ ಮುಗಿಸಿ, ವಾರಾಂತ್ಯಕ್ಕೆ ಅಂತ ನಮ್ಮ ಟೀಮಿನ ಐದು ಜನ ಹಕೋನೆಗೆ ಹೋದ್ವಿ. ಶಿಂಜುಕುವಿನಿಂದ ರೈಲಲ್ಲಿ ಒಂದೂವರೆ ಗಂಟೆ. ಬೆಟ್ಟದ ನಡುವೆ ಬಿಸಿನೀರಿನ ಊಟೆಗಳಿರೋ ಊರು. ಅಲ್ಲೊಂದು ರಿಯೋಕಾನ್, ಅಂದರೆ ಅವರ ಹಳೇ ಪದ್ಧತಿಯ ವಸತಿಗೃಹ. ಎರಡು ಹೊತ್ತಿನ ಊಟ ಸೇರಿ ತಲೆಗೆ 25,000 ಯೆನ್, ನಮ್ಮ ಲೆಕ್ಕದಲ್ಲಿ ಸುಮಾರು 14 ಸಾವಿರ ರೂಪಾಯಿ. ರೂಮಿಗಲ್ಲ, ತಲೆಗೆ.

ಅಷ್ಟು ದುಡ್ಡು ಕೊಟ್ಟ ಮೇಲೆ ನಾವು ರಾಜರಾಗಬೇಕಿತ್ತಲ್ವಾ? ಆಗಿದ್ದು ಹಾಸ್ಟೆಲ್ ಹುಡುಗರು. ಹೋಗೋಕೆ ಮುಂಚೆಯೇ ಮೇಲ್ ಬಂದಿತ್ತು: ಎಷ್ಟು ಗಂಟೆಗೆ ಬರ್ತೀರಿ, ಏನು ತಿನ್ನಲ್ಲ, ಈಗಲೇ ಹೇಳಿ, ಬಂದ ಮೇಲೆ ಹೇಳಿದರೆ ಆಗಲ್ಲ. ಮಧ್ಯಾಹ್ನ ಮೂರರ ಮೇಲೆ ಬನ್ನಿ. ರಾತ್ರಿ ಊಟ ಆರಕ್ಕೋ ಆರೂವರೆಗೋ, ಎರಡರಲ್ಲಿ ಒಂದು ಆರಿಸ್ಕೊಳ್ಳಿ. ಶೂ ಬಾಗಿಲಲ್ಲೇ. ಒಳಗೆ ಅವರು ಕೊಟ್ಟ ಚಪ್ಪಲಿ. ತತಾಮಿ ಅನ್ನೋ ಹುಲ್ಲಿನ ಹಾಸಿನ ಮೇಲೆ ಆ ಚಪ್ಪಲಿಯೂ ಕೂಡದು. ಕಕ್ಕಸಿಗೆ ಬೇರೆಯೇ ಚಪ್ಪಲಿ. ಬಿಸಿನೀರಿನ ಕೊಳಕ್ಕೆ ಇಳಿಯೋಕೆ ಮುಂಚೆ ಪಕ್ಕದಲ್ಲಿ ಕೂತು ಮೈಯುಜ್ಜಿ ತೊಳ್ಕೊಂಡಿರಬೇಕು. ಊಟಕ್ಕೆ ಮೆನು ಅನ್ನೋದೇ ಇಲ್ಲ. ಆ ತಿಂಗಳಲ್ಲಿ ಆ ಸೀಮೆಯಲ್ಲಿ ಏನು ಸಿಗುತ್ತೋ ಅದನ್ನ ಒಂದಾದ ಮೇಲೊಂದು ತಂದಿಡ್ತಾರೆ. ಕೈಸೆಕಿ ಅಂತ ಹೆಸರು. ಹಸಿ ಮೀನಿನ ತುಂಡು, ಬೇಯಿಸಿದ ಮೂಲಂಗಿ, ಆವಿಯಲ್ಲಿ ಬೇಯಿಸಿದ ಮೊಟ್ಟೆಯ ಕಡುಬಿನಂಥದ್ದು, ಸುಟ್ಟ ಮೀನು. ಅನ್ನ, ಸಾರು, ಉಪ್ಪಿನಕಾಯಿ ಕಟ್ಟಕಡೆಗೆ. ನಾವು ಉಂಡು ರೂಮಿಗೆ ಬರೋ ಹೊತ್ತಿಗೆ ಯಾರೋ ಬಂದು ನೆಲದ ಮೇಲೆ ಹಾಸಿಗೆ ಹಾಸಿ ಹೋಗಿದ್ರು.

ನಮ್ಮಲ್ಲಿ ಯಾರಾದ್ರೂ ಗೊಣಗಿದ್ರಾ? ಒಬ್ಬರೂ ಇಲ್ಲ. ನಮ್ಮ ಲೀಡ್ ಸ್ಟೇಷನ್ನಿನಲ್ಲಿ ಬಸ್ ತಪ್ಪಿ ಇಪ್ಪತ್ತು ನಿಮಿಷ ತಡವಾಗುತ್ತೆ ಅಂತ ಗೊತ್ತಾದ ಕೂಡಲೇ ದಾರಿಯಿಂದ ಮೂರು ಸಲ ಫೋನ್ ಮಾಡಿ ಕ್ಷಮೆ ಕೇಳಿದ್ರು. ಟೀಮಿನಲ್ಲಿದ್ದ ಒಬ್ಬ ಸಸ್ಯಾಹಾರಿ ಹದಿನೈದು ದಿನ ಮೊದಲೇ ಬರೆದು ತಿಳಿಸಿದ್ದ, ಮೀನಿನ ಕಟ್ಟು ಕೂಡ ಬೇಡ ಅಂತ. ಅಲ್ಲಿ ಸೊಪ್ಪಿನ ಸಾರಿಗೂ ಒಣಮೀನಿನ ಕಟ್ಟು ಬಿದ್ದಿರುತ್ತೆ, ಅದು ಅವನಿಗೆ ಗೊತ್ತಿತ್ತು. ಬಡಿಸಿದ್ದನ್ನ ಎಲ್ಲರೂ ಬಟ್ಟಲು ಕೆರೆದು ತಿಂದ್ವಿ.

ಇದೇ ಐದು ಜನ ಅದಕ್ಕೆ ಎರಡು ವರ್ಷ ಮೊದಲು ನಮ್ಮೂರಿಗೆ ಬಂದಿದ್ರು. ಹುಣಸೂರು ತಾಲ್ಲೂಕಿನ ಒಂದು ಹಳ್ಳಿ, ಮಾರಿಹಬ್ಬ. ಒಂದು ಗಂಟೆಗೆ ಬರ್ತೀವಿ ಅಂದವರು ದಾರಿಯಲ್ಲಿ ಕಾಫಿ, ಫೋಟೋ ಅಂತ ನಿಂತು ಮೂರೂವರೆಗೆ ಬಂದ್ರು. ಫೋನಿಲ್ಲ, ಮೆಸೇಜಿಲ್ಲ. ಅವ್ವ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಾಟಿ ಕೋಳಿ ಸಾರು, ಅವರೆಕಾಳು ಸಾರು, ಕಜ್ಜಾಯ ಮಾಡಿಟ್ಟಿದ್ಳು. ಒಂದು ಗಂಟೆಗೆ ತೊಳೆಸಿದ ಹಿಟ್ಟು ಆರಿ ಕಲ್ಲಾಯ್ತು ಅಂತ ಮೂರೂವರೆಗೆ ಮತ್ತೆ ಒಲೆ ಹಚ್ಚಿ ಹಿಟ್ಟು ತೊಳೆಸಿದ್ಳು. ಎಲೆ ಮುಂದೆ ಕೂತ ಮೇಲೆ ಒಬ್ಬ "ಆಂಟಿ, ಚಪಾತಿ ಸಿಗುತ್ತಾ?" ಅಂದ. ಇನ್ನೊಬ್ಬನಿಗೆ ಸ್ಪೂನ್ ಬೇಕಿತ್ತು. ಮುದ್ದೆ ಮುರಿದು ಫೋಟೋ ತೆಗೆದು ಅರ್ಧ ಎಲೆಯಲ್ಲೇ ಬಿಟ್ರು. ಹೋಗುವಾಗ "ಏನ್ ಆತಿಥ್ಯ ಮಗಾ ನಿಮ್ಮನೇದು" ಅಂತ ನನ್ನ ಬೆನ್ನು ತಟ್ಟಿದ್ರು. ನನ್ನ ಬೆನ್ನನ್ನ.

ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಚಪಾತಿ ಕೇಳಿದಾಗ ಅಡುಗೆಮನೆಗೆ ಹೋಗಿ "ಅವ್ವ, ಒಂದೆರಡು ಚಪಾತಿ ಹಾಕ್ಬುಡು" ಅಂದವನು ನಾನೇ.

ಈಗ ನೇಪಾಳದ ಹುಡುಗಿ ವಿಷಯಕ್ಕೆ ಬರ್ತೀನಿ. ಹಕೋನೆಯಲ್ಲಿ ನಮಗೆ ಬಡಿಸ್ತಿದ್ದವಳು ಅವಳು. ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ನಮ್ಮ ಮುಖ ನೋಡಿ ಹಿಂದಿಯಲ್ಲಿ ಮಾತಾಡಿಸಿದ್ಳು. ಊರ ಕಡೆಯ ಅಭ್ಯಾಸ ನೋಡಿ, ನಾನು "ನಿಮ್ಮದು ಊಟ ಆಯ್ತಾ?" ಅಂದೆ. "ನಾಲ್ಕೂವರೆಗೇ ಆಯ್ತು. ಅತಿಥಿಗಳಿಗೆ ಬಡಿಸೋಕೆ ಮುಂಚೆ ನಮ್ಮ ಊಟ ಮುಗಿದಿರಬೇಕು, ಇಲ್ಲಿ ಹಾಗೇ" ಅಂದ್ಳು.

ನನ್ನ ಕೈಯಲ್ಲಿದ್ದ ಕಡ್ಡಿ ಹಾಗೇ ನಿಂತುಬಿಡ್ತು. ಮಾರಿಹಬ್ಬದ ದಿನ ಅವ್ವ ಉಂಡಿದ್ದು ಎಷ್ಟು ಹೊತ್ತಿಗೆ? ಐದು ಗಂಟೆಯ ಮೇಲೆ. ಎಲೆ ಎತ್ತಿ, ನೆಲ ಸಾರಿಸಿ, ಪಾತ್ರೆ ತೊಟ್ಟಿಗೆ ಹಾಕಿ, ಉಳಿದ ಸಾರಿಗೆ ಆರಿಹೋಗಿದ್ದ ಮೊದಲನೇ ಹಿಟ್ಟು ಅದ್ದಿಕೊಂಡು, ಒಲೆ ಮುಂದೆ ಒಬ್ಬಳೇ. ನಾನು ಅವಳನ್ನ ಹುಟ್ಟಿದಾಗಿನಿಂದ ನೋಡ್ತಿದ್ದೀನಿ. ಅತಿಥಿ ಬಂದ ಒಂದು ದಿನವೂ ಅವಳು ಮೊದಲು ಉಂಡಿದ್ದು ನೆನಪಿಲ್ಲ. ಅದು ನನಗೆ ಯಾವತ್ತೂ ವಿಚಿತ್ರ ಅನ್ನಿಸಿರಲೂ ಇಲ್ಲ.

ನಮ್ಮಲ್ಲಿ ಇಲ್ಲದೇ ಇದ್ದಿದ್ದು ಇದು: ಸತ್ಕಾರ ಅನ್ನೋದು ಒಂದು ಕೆಲಸ, ಅದನ್ನ ಮಾಡೋ ಮನುಷ್ಯರಿಗೆ ಹೊಟ್ಟೆ, ಸಮಯ, ಸಂಬಳ, ಹೆಸರು ಇದೆ ಅನ್ನೋ ತಿಳುವಳಿಕೆ. ರಿಯೋಕಾನಿನಲ್ಲಿ ಎಲ್ಲದರ ಯಜಮಾನಿಕೆ ನೋಡೋ ಹೆಂಗಸಿಗೆ ಒಕಾಮಿ ಅಂತ ಕರೀತಾರೆ. ಅದೊಂದು ಹುದ್ದೆ. ಬಾಗಿಲಲ್ಲಿ ನಿಂತು ಬಗ್ಗಿ ಸ್ವಾಗತಿಸೋದೂ ಅವಳೇ, ಲೆಕ್ಕದ ಪುಸ್ತಕ ನೋಡೋದೂ ಅವಳೇ. ನಮ್ಮಲ್ಲಿ ಮನೆಯ ಹೆಂಗಸಿಗೆ ಅನ್ನಪೂರ್ಣೆ ಅಂತ ಕರೆದು ಕೈ ತೊಳ್ಕೊಂಡ್ವಿ. ದೇವತೆ ಮಾಡಿಬಿಟ್ಟರೆ ಒಂದು ಅನುಕೂಲ ಇದೆ, ದೇವತೆಗೆ ಸಂಬಳ ಕೊಡಬೇಕಿಲ್ಲ.

ಇದು ನಮ್ಮನೆ ಒಂದರ ಕಥೆಯಲ್ಲ. ಮೈಸೂರಿನಲ್ಲೇ ಒಂದು ಸುತ್ತು ಹಾಕಿ. ವಿನೋಬಾ ರಸ್ತೆಯಲ್ಲಿ ನಂಜರಾಜ ಬಹದ್ದೂರ್ ಛತ್ರ ಇದೆ. ನಿಮ್ಮಲ್ಲಿ ತುಂಬಾ ಜನ ಅಲ್ಲಿ ದೇಸಿ ಬೀಜದ ಮೇಳಕ್ಕೋ ಕೈಮಗ್ಗದ ಸೀರೆ ಮಾರಾಟಕ್ಕೋ ಹೋಗಿರ್ತೀರಿ. ಛತ್ರ ಅಂದರೆ ಮೂಲದಲ್ಲಿ ಮೇಳದ ಜಾಗ ಅಲ್ಲ, ಮದುವೆ ಹಾಲೂ ಅಲ್ಲ. ದಾರಿಹೋಕರು ಇಳ್ಕೊಳ್ಳೋ ಜಾಗ. ನೆಲದ ಮೇಲೆ ಚಾಪೆ, ಪಂಕ್ತಿಯಲ್ಲಿ ಊಟ, ಬಡಿಸಿದ್ದನ್ನ ಉಣ್ಣೋದು. ರಿಯೋಕಾನಿಗೆ ನಮ್ಮ ಭಾಷೆಯಲ್ಲಿ ಹತ್ತಿರದ ಪದ ಅಂದರೆ ಇದೇ. ಹಾಗಾದ್ರೆ ಅದು ಯಾಕೆ ಉಳೀಲಿಲ್ಲ? ಹೋಟೆಲ್ ಬಂತು, ಬಸ್ಸು ಬಂತು, ಜನಕ್ಕೆ ರೂಮು ಬೇಕಾಯ್ತು ಅಂತ ಹೇಳಬಹುದು. ನಿಜ. ಆದರೆ ಇನ್ನೊಂದು ಕಾರಣ ಬಾಯಲ್ಲಿ ಹೇಳೋಕೆ ಕಷ್ಟ. ಆ ಪಂಕ್ತಿ ಅನ್ನೋ ಪದದ ಹಿಂದೆಯೇ ಪಂಕ್ತಿಭೇದ ಅನ್ನೋ ಪದ ಕೂತಿದೆ. ಎಷ್ಟೋ ಛತ್ರಗಳಲ್ಲಿ ಜಾತಿಗೊಂದು ಸಾಲು, ಕೆಲವರಿಗೆ ಸಾಲೇ ಇಲ್ಲ. ಹಳೇ ಮೈಸೂರಿನ ಹೋಟೆಲುಗಳಲ್ಲೂ ಬ್ರಾಹ್ಮಣರಿಗೆ ಬೇರೆ ಜಾಗ ಅಂತ ಬೋರ್ಡು ಹಾಕಿರುತ್ತಿದ್ದ ಕಾಲ ಇತ್ತು. ಹೋಟೆಲು, ಅಂಗಡಿ, ಬಾವಿ, ಸ್ನಾನಘಟ್ಟಕ್ಕೆ ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಬಿಡದೇ ಇರೋ ಹಾಗಿಲ್ಲ ಅಂತ ಸಂವಿಧಾನದ 15ನೇ ವಿಧಿಯಲ್ಲಿ ಬರೀಬೇಕಾಗಿ ಬಂತು ಅಂದರೆ, ಬಿಡದೇ ಇರೋದು ಎಷ್ಟು ಮಾಮೂಲಾಗಿತ್ತು ಅಂತ ಯೋಚನೆ ಮಾಡಿ.

ಚಾಮುಂಡಿ ಬೆಟ್ಟದ ಬುಡದಲ್ಲಿ ಇನ್ನೊಂದು ಅತಿಥಿಗೃಹ ಇದೆ, ಲಲಿತ ಮಹಲ್. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಬಂದರೆ ಇಳ್ಕೊಳ್ಳೋಕೆ ಅಂತ ಕಟ್ಟಿಸಿದ್ದು. ಗುಮ್ಮಟ ನೋಡಿದರೆ ಲಂಡನ್ನಿನ ಸೇಂಟ್ ಪಾಲ್ ಚರ್ಚು ನೆನಪಾಗುತ್ತೆ. 1974ರಲ್ಲಿ ಹೋಟೆಲಾಯ್ತು. ಒಂದೇ ಊರು, ಎರಡು ಬಗೆಯ ಸತ್ಕಾರ. ದೊಡ್ಡ ಅತಿಥಿಗೆ ಅವನ ಊರನ್ನೇ ಕಟ್ಟಿಕೊಟ್ವಿ, ಸಣ್ಣ ಅತಿಥಿಗೆ ಜಾತಿ ಕೇಳಿ ಸಾಲು ತೋರಿಸಿದ್ವಿ. ಬಂದವರನ್ನ ಕೇಳದೆ ಎಲೆ ಹಾಕೋ ದಾಸೋಹದ ದಾರಿಯೂ ಈ ನೆಲದ್ದೇ ಅನ್ನೋದು ನಿಜ. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಣ್ತಾರೆ. ಆದರೆ ಅದು ಮಠದ ಅಂಗಳದಲ್ಲಿ ಉಳೀತು. ನಮ್ಮ ನಮ್ಮ ಮನೆಯ ಅಂಗಳಕ್ಕೆ ಬರಲಿಲ್ಲ.

ನಮ್ಮನೆ ಅಂಗಳದ್ದೂ ಹೇಳ್ತೀನಿ. ಹೈಸ್ಕೂಲಲ್ಲಿ ನನ್ನ ಜೊತೆ ಒಂದೇ ಬೆಂಚಲ್ಲಿ ಕೂರ್ತಿದ್ದ ಗೆಳೆಯ ಊರಾಚೆ ಕಾಲೋನಿಯವನು. ಗಣಿತ ಅವನೇ ಹೇಳ್ಕೊಡ್ತಿದ್ದ. ನಮ್ಮನೆಗೆ ಬಂದರೆ ಜಗಲಿಯ ಮೇಲೆ ಕೂರ್ತಿದ್ದ, ಅವನಿಗೆ ನೀರು ಕೊಡೋ ಲೋಟ ಸೂರಿನಲ್ಲಿ ಬೇರೆ ಸಿಕ್ಕಿಸಿರ್ತಿತ್ತು. ಅವನು ಈಗ ಬೆಂಗಳೂರಿನಲ್ಲಿ ನನಗಿಂತ ದೊಡ್ಡ ಕಂಪನಿಯಲ್ಲಿದ್ದಾನೆ. ನಮ್ಮೂರ ಹಬ್ಬಕ್ಕೆ ಕರೆದರೆ "ಕೆಲಸ ಇದೆ ಕಣೋ" ಅಂತಾನೆ. ಪ್ರತಿ ಸಲ ಹಬ್ಬದ ದಿನಾನೇ ಅವನಿಗೆ ಕೆಲಸ ಇರುತ್ತೆ. "ಎಲ್ಲ ನಮ್ಮಲ್ಲೇ ಇತ್ತು" ಅನ್ನೋರು ಆ ಲೋಟವೂ ಇತ್ತು ಅಂತ ಸೇರಿಸಿ ಹೇಳಬೇಕು.

ಈಗ ನನ್ನ ಪಾಪದ ಕಥೆ. ಜಪಾನಿನಿಂದ ಬಂದವನಿಗೆ ಉತ್ಸಾಹ ಉಕ್ಕಿ, ಊರ ತೊಟ್ಟಿಮನೆಯನ್ನ ಹೋಂಸ್ಟೇ ಮಾಡೋಣ ಅಂತ ಹೊರಟೆ. ಕೊಡಗಿಗೆ ಹೋಗೋ ದಾರಿ, ವಾರಾಂತ್ಯಕ್ಕೆ ಜನ ಬಂದೇ ಬರ್ತಾರೆ. ಚಾಪೆ, ಬಾಳೆ ಎಲೆ, ಹಂಡೆ ನೀರಿನ ಸ್ನಾನ, ಹಿಟ್ಟು ಸಾರು. ಎಕ್ಸೆಲ್ ತೆಗೆದು ಲೆಕ್ಕ ಹಾಕಿದೆ. ಮೂರು ರೂಮು, ಆರು ಜನ, ತಲೆಗೆ 1,500 ರೂಪಾಯಿ, ತಿಂಗಳಿಗೆ ಎಂಟು ರಾತ್ರಿ. ತುಂಬಿದರೆ 72,000, ಅರ್ಧ ತುಂಬಿದರೂ 36,000. ಖರ್ಚಿನ ಕಡೆ ಸುಣ್ಣಬಣ್ಣ, ಎರಡು ಬಾತ್‌ರೂಮು, ಸೋಲಾರು, ವೈಫೈ, ಬುಕಿಂಗ್ ಆ್ಯಪಿನ ಕಮಿಷನ್ನು, ದಿನಸಿ, ಗ್ಯಾಸು. ಲಾಭ ಚೆನ್ನಾಗಿತ್ತು. ಖುಷಿಯಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗಿ ಜಗಲಿ ಮೇಲೆ ಅವ್ವನಿಗೆ ಓದಿ ಹೇಳಿದೆ.

ಅವ್ವ ಅವರೆಕಾಯಿ ಸುಲೀತಾ ಪೂರ್ತಿ ಕೇಳಿಸಿಕೊಂಡ್ಳು. ಆಮೇಲೆ ಕೇಳಿದ್ಳು: "ವೈಫೈಗೂ ಬರ್ದಿದ್ದೀಯೆ, ಸುಣ್ಣಕ್ಕೂ ಬರ್ದಿದ್ದೀಯೆ. ನಂಗೇನ್ ಬರ್ದಿದ್ದೀಯ್ಲಾ?"

ನಾನು ನಕ್ಕೆ. ಅವಳು ನಗಲಿಲ್ಲ.

ಕ್ಲೈಂಟಿಗೆ ಎಸ್ಟಿಮೇಟ್ ಕಳಿಸುವಾಗ ಒಂದು ಸಣ್ಣ ಬಟನ್ನಿನ ಟೆಸ್ಟಿಂಗಿಗೂ ಅರ್ಧ ದಿನ ಹಾಕೋ ಮನುಷ್ಯ ನಾನು. ಆ ಶೀಟಿನಲ್ಲಿ ಅವ್ವನ ಹೆಸರಿನ ಸಾಲೇ ಇರಲಿಲ್ಲ. ಶನಿವಾರ, ಭಾನುವಾರ ಬೆಳಗ್ಗೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಒಲೆ ಮುಂದೆ ನಿಲ್ಲೋಳು ಅವಳು, ಅದು ಖರ್ಚೇ ಅಲ್ಲ ಅಂತ ನನ್ನ ತಲೆ ತಾನಾಗೇ ತೀರ್ಮಾನ ಮಾಡಿತ್ತು. ಆ 72,000 ರೂಪಾಯಿಯ ಲಾಭ ಎಲ್ಲಿಂದ ಬರ್ತಿತ್ತು ಅಂತ ಈಗ ಗೊತ್ತಾಯ್ತಲ್ಲ.

ಜಪಾನ್ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅವರ ಸೀದಾ ಸಾದಾ ರಿಯೋಕಾನುಗಳು ಒಂದೊಂದಾಗಿ ಮುಚ್ಚುತ್ತಿವೆ. 1980ರ ಸುಮಾರಿಗೆ 80 ಸಾವಿರಕ್ಕೂ ಹೆಚ್ಚಿದ್ದವು, 2017ರ ಹೊತ್ತಿಗೆ ಅದರ ಅರ್ಧವೂ ಉಳಿದಿರಲಿಲ್ಲ. ಮಕ್ಕಳಿಗೆ ಮುಂದುವರಿಸೋಕೆ ಇಷ್ಟ ಇಲ್ಲ. ಬೆಳಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ, ನಡುವೆ ಸಂಬಳವಿಲ್ಲದ ಬಿಡುವು ಅನ್ನೋ ಕೆಲಸಕ್ಕೆ ಜನ ಸಿಗಲ್ಲ. ಅದಕ್ಕೇ 2019ರಿಂದ ವಸತಿಗೃಹದ ಕೆಲಸಕ್ಕೂ ಹೊರದೇಶದವರಿಗೆ ಬೇರೆ ವೀಸಾ ಕೊಡ್ತಿದ್ದಾರೆ. ಹೊರಗಿಡೋ ಬುದ್ಧಿ ಅಲ್ಲೂ ಇದೆ. 2003ರಲ್ಲಿ ಕುಮಾಮೊತೊ ಪ್ರಾಂತ್ಯದ ಒಂದು ಬಿಸಿನೀರಿನ ಹೋಟೆಲು, ಕುಷ್ಠರೋಗದಿಂದ ಗುಣವಾದ ವೃದ್ಧರಿಗೆ ರೂಮು ಕೊಡಲ್ಲ ಅಂತು. ಆದರೆ ಕಾರಣವಿಲ್ಲದೆ ಅತಿಥಿಯನ್ನ ತಿರಸ್ಕರಿಸೋ ಹಾಗಿಲ್ಲ ಅನ್ನೋ ಕಾನೂನು 1948ರಿಂದ ಅಲ್ಲಿದೆ. ಸರ್ಕಾರ ಆ ಹೋಟೆಲಿನ ಮೇಲೆ ಕ್ರಮ ತಗೊಳ್ತು. ಹೋಟೆಲು ಬಾಗಿಲು ಹಾಕ್ತು.

ಅದೇ ಕಾನೂನಿಗೆ 2023ರ ಡಿಸೆಂಬರಿನಿಂದ ಇನ್ನೊಂದು ಮಾತು ಸೇರಿದೆ. ಕೆಲಸದವರ ಮೇಲೆ ಪದೇ ಪದೇ ಮಿತಿಮೀರಿದ ಬೇಡಿಕೆ ಹೇರೋ ಅತಿಥಿಗೆ ಜಾಗ ಕೊಡಲ್ಲ ಅನ್ನಬಹುದು. ಗ್ರಾಹಕನೇ ದೇವರು ಅನ್ನೋ ಮಾತು ಜಪಾನಿನಲ್ಲೂ ಜನಜನಿತ, ನಮ್ಮ ಅತಿಥಿ ದೇವರ ಹಾಗೇ. ಆ ದೇವರನ್ನ ಅವರು ಸ್ವಲ್ಪ ಕೆಳಗಿಳಿಸಿ ಮನುಷ್ಯನ ಪಕ್ಕ ಕೂರಿಸಿದ್ರು. ನಾವು ಇನ್ನೂ ಆರತಿ ಎತ್ತುತ್ತಿದ್ದೀವಿ, ಆರತಿ ತಟ್ಟೆ ಹಿಡಿದವಳ ಕೈ ಸುಡ್ತಿರೋದು ನಮಗೆ ಕಾಣ್ತಿಲ್ಲ.

"ಎಲ್ಲಕ್ಕೂ ರೇಟು ಕಟ್ಟಿದರೆ ಪ್ರೀತಿ ಎಲ್ಲಿರುತ್ತೆ?" ಅಂತ ಕ್ಯಾಂಟೀನಿನಲ್ಲಿ ಒಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಆದರೆ ಈ ಪ್ರಶ್ನೆಯನ್ನ ಯಾವಾಗಲೂ ಉಣ್ಣೋಕೆ ಕೂತವರೇ ಕೇಳ್ತಾರೆ, ಬಡಿಸೋಕೆ ನಿಂತವರು ಕೇಳಿದ್ದನ್ನ ನಾನು ಕಂಡಿಲ್ಲ. ನೀವು, ನಾನು ಕೋಡ್ ಬರೆಯೋದನ್ನ ಪ್ರೀತಿಸ್ತೀವಿ ಅಂತ ಇಂಟರ್‌ವ್ಯೂನಲ್ಲಿ ಹೇಳಿದ್ದೀವಲ್ಲ, ಹಾಗಂತ ಮೂವತ್ತೊಂದನೇ ತಾರೀಕು ಸಂಬಳ ಬೇಡ ಅಂದಿದ್ದೀವಾ? ನೆಂಟರು ಬಂದಾಗ ಬಿಲ್ಲು ಕೊಡಿ ಅಂತ ನಾನು ಹೇಳ್ತಿಲ್ಲ. ನೆಂಟರಾಗಲಿ ಗ್ರಾಹಕರಾಗಲಿ, ಅಡುಗೆ ತಾನಾಗೇ ಆಗಲ್ಲ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಿ ಅಂತಿದ್ದೀನಿ.

ಆದ್ದರಿಂದ ಹಕೋನೆಗೆ ಹೋಗಿ ಬಂದವರಿಗೆ, ಹೋಗೋ ಆಸೆ ಇರೋರಿಗೆ ನನ್ನದೊಂದು ಸಣ್ಣ ಪರೀಕ್ಷೆ. ಮುಂದಿನ ತಿಂಗಳು ಸಕಲೇಶಪುರಕ್ಕೋ ಮಡಿಕೇರಿಗೋ ಹೋಂಸ್ಟೇಗೆ ಹೋಗ್ತೀರಲ್ಲ, ಅಲ್ಲಿ ಜಪಾನಿನಲ್ಲಿ ಇದ್ದ ಹಾಗೆ ಇದ್ದು ತೋರಿಸಿ. ಹೇಳಿದ ಹೊತ್ತಿಗೆ ಹೋಗಿ, ತಡವಾದರೆ ದಾರಿಯಿಂದ ಫೋನ್ ಮಾಡಿ. ಏನು ತಿನ್ನಲ್ಲ ಅನ್ನೋದನ್ನ ಮೊದಲೇ ತಿಳಿಸಿ, ಎಲೆ ಮುಂದೆ ಕೂತು ತಿಳಿಸಬೇಡಿ. ರಾತ್ರಿ ಹನ್ನೊಂದಕ್ಕೆ ಆಮ್ಲೆಟ್ ಕೇಳಬೇಡಿ. ಮೆನು ಇಲ್ಲ ಅಂತ ಒಂದು ಸ್ಟಾರ್ ಕೊಡಬೇಡಿ, ಹಕೋನೆಯಲ್ಲೂ ಮೆನು ಇರಲಿಲ್ಲ. ಅಡುಗೆ ಮಾಡಿದವರ ಹೆಸರು ಕೇಳಿ. ಅವರ ಊಟ ಆಯ್ತಾ ಅಂತ ಕೇಳಿ, ಆಗಿಲ್ಲ ಅಂದರೆ ಯಾಕೆ ಅಂತ ಮನೆಯ ಯಜಮಾನರನ್ನ ಕೇಳಿ. ಇಷ್ಟು ಮಾಡಿದ ಮೇಲೆ ಬಂದು ಶಿಸ್ತಿನ ಬಗ್ಗೆ ಮಾತಾಡೋಣ.

ನನ್ನ ಪರೀಕ್ಷೆ ಇನ್ನೂ ನಡೀತಿದೆ. ಶೀಟನ್ನ ಮತ್ತೆ ಬರೆದೆ. ಅವ್ವನಿಗೆ ಸಂಬಳ, ಕೈಗೆ ಸಹಾಯಕ್ಕೆ ಬರೋ ಚಿಕ್ಕವ್ವನಿಗೆ ಸಂಬಳ, ಪಾತ್ರೆಗೆ ಒಬ್ಬರಿಗೆ ಕೂಲಿ. ರಾತ್ರಿ ಊಟ ಏಳೂವರೆಗೆ, ಅಡುಗೆ ಮಾಡಿದವರ ಊಟ ಏಳಕ್ಕೆ. ಬರೋರ ಜಾತಿ ಕೇಳೋ ಹಾಗಿಲ್ಲ, ಎಲ್ಲರೂ ಒಳಗೇ, ಒಂದೇ ಸಾಲು, ಒಂದೇ ಬಗೆಯ ಲೋಟ. ಈ ಕೊನೆಯ ಸಾಲಿನ ಬಗ್ಗೆ ಅಪ್ಪನ ಜೊತೆ ಮೂರು ವಾರ ಜಗಳ ಆಯ್ತು, ಇನ್ನೂ ಮುಗಿದಿಲ್ಲ. ಮುಗಿಯೋವರೆಗೂ ಬೋರ್ಡು ಹಾಕಲ್ಲ ಅಂತ ಹೇಳಿದ್ದೀನಿ. ಲಾಭ ಈಗ ಮೊದಲಿನ ಕಾಲು ಭಾಗವೂ ಇಲ್ಲ. ಅರ್ಧ ತುಂಬಿದರೆ ನಷ್ಟ.

ಅವ್ವನಿಗೆ ಹೊಸ ಶೀಟು ಓದಿ ಹೇಳಿದೆ. "ನೋಡಾನ" ಅಂದ್ಳು. "ಅದುಕ್ ಮುಂಚೆ ನೀನೊಂದಿನ ಹಿಟ್ ತೊಳ್ಸು, ನೋಡ್ತೀನಿ."

ಹೋದ ಭಾನುವಾರ ಐದು ಜನಕ್ಕೆ ಹಿಟ್ಟು ತೊಳೆಸಿದೆ. ಗಂಟಾಯ್ತು. ಅಂಗೈಯಲ್ಲಿ ಎರಡು ಬೊಬ್ಬೆ. ಅವ್ವ ಮೊದಲು ಕೂತು, ಗಂಟುಗಳನ್ನ ಎಲೆಯ ಅಂಚಿಗೆ ಒಂದೊಂದಾಗಿ ಎತ್ತಿಡ್ತಾ, ಏನೂ ಮಾತಾಡದೆ ಉಂಡ್ಳು.